ಮೂವತ್ತೊಂದು ಫಲಕ, ಒಂದು ಮೈಕು

ಕಳೆದ ವಾರ ಅಮ್ಮ ದೇವರ ಮನೆಯ ಹಿತ್ತಾಳೆ ದೀಪಗಳನ್ನೆಲ್ಲ ಬಚ್ಚಲಿಗೆ ತಂದು ಹಾಕಿಕೊಂಡು, ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಹುಳಿ ಮತ್ತು ಲೋಹ ಸೇರಿದ ಆ ವಾಸನೆ ಹಾಲ್‌ವರೆಗೂ ಬಂತು. ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಅದು ಸ್ಮಶಾನದ್ದು, ಅಲ್ಲಿ ಗೇಟು ಕಾಯುತ್ತಿದ್ದ ಮುದುಕರೊಬ್ಬರದ್ದು.

ಅವರ ಬಗ್ಗೆ ನಮ್ಮ ಸಾರಕ್ಕಿಯಲ್ಲಿ ಒಂದು ಕತೆ ಚಾಲ್ತಿಯಲ್ಲಿದೆ. ಸ್ಮಶಾನದ ಕಾವಲಿಗಿದ್ದವನೇ ಸಮಾಧಿಗಳ ಹಿತ್ತಾಳೆ ಫಲಕಗಳಿಗೆ ಕೈ ಹಾಕಿದ, ಅಥವಾ ಕೈ ಹಾಕಿದವರನ್ನು ನೋಡಿಯೂ ನೋಡದ ಹಾಗಿದ್ದ. ಸ್ಮಶಾನ ಸಮಿತಿಯವರು ಓಡಾಡಿ ಎಲ್ಲವನ್ನೂ ಹುಡುಕಿ ತಂದು ಇದ್ದ ಜಾಗದಲ್ಲೇ ಮತ್ತೆ ಕೂರಿಸಿದರು. ಗೇಟಿನ ಪಕ್ಕ ಒಂದು ಕಲ್ಲು ಕೂಡ ನೆಟ್ಟಿದ್ದಾರೆ. 'ಸಮಿತಿಯ ಅವಿರತ ಶ್ರಮದಿಂದ ಮರುಸ್ಥಾಪಿಸಲಾಯಿತು' ಎಂದು ಕೆತ್ತಿಸಿದ್ದಾರೆ, ಕೆಳಗೆ ಒಂಬತ್ತು ಹೆಸರು. ಆ ಅವಿರತ ಶ್ರಮ ಅಂದರೆ ಪೊಲೀಸ್ ಸ್ಟೇಷನ್ನಿನಿಂದ ಬಂದ ಒಂದು ಫೋನು, ಹೋಗಿ ಬರಲು ಒಂದು ಆಟೋ. ಅದು ಇರಲಿ. ಈ ಕತೆಯ ಮೊದಲ ಅರ್ಧ ಪೂರ್ತಿ ಸುಳ್ಳು. ಎರಡನೆಯ ಅರ್ಧದಲ್ಲಿ 'ಇದ್ದ ಜಾಗದಲ್ಲೇ' ಅನ್ನುವುದು ಸುಳ್ಳು. ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀಯ ಎಂದು ಯಾರಾದರೂ ಕೇಳಬಹುದು. ಮೊದಲ ಅರ್ಧವನ್ನು ಕಟ್ಟಿದವಳು ನಾನೇ.

ನಮ್ಮದು ಹಳೇ ಊರಿನ ಮನೆತನ. ಜೆ.ಪಿ. ನಗರ ಅನ್ನುವುದು ಕಾಗದದಲ್ಲೂ ಇಲ್ಲದ ಕಾಲದಿಂದ ಇಲ್ಲೇ ಇದ್ದೇವೆ, ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಸ್ಮಶಾನದ ಸುತ್ತ ಈಗ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಬಾಲ್ಕನಿಗಳಲ್ಲಿ ಒಣಗಲು ಹಾಕಿದ ಟವೆಲುಗಳು ನಮ್ಮ ಪೂರ್ವಜರ ಮೇಲೆ ನೆರಳು ಚೆಲ್ಲುತ್ತವೆ. ಮಹಾಲಯ ಅಮಾವಾಸ್ಯೆಯ ದಿನ ಮನೆಯ ಗಂಡಸರು ಅಲ್ಲಿಗೆ ಹೋಗಿ, ಸಮಾಧಿ ತೊಳೆದು, ತೀರಿಕೊಂಡವರಿಗೆ ಇಷ್ಟವಾದ ತಿಂಡಿ ತೀರ್ಥಗಳನ್ನು ಎಲೆಯ ಮೇಲೆ ಎಡೆ ಇಟ್ಟು ಬರುವುದು ರೂಢಿ. ಹತ್ತು ವರ್ಷದವಳಿದ್ದಾಗ ನಾನು ರಚ್ಚೆ ಹಿಡಿದೆ. ಮಾಡುವುದು ಹೆಂಗಸರು, ಇಡುವುದು ಮಾತ್ರ ಗಂಡಸರು, ಇದು ಯಾವ ನ್ಯಾಯ ಎಂದು ಕೇಳಿದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಬಾ ಎಂದು ಕರೆದುಕೊಂಡು ಹೋದರು. ನಾನು ಗೆದ್ದ ಮೊದಲ ವಾದ ಅದೇ ಇರಬೇಕು.

ಗೇಟಿನಲ್ಲಿ ಖಾಕಿ ಅಂಗಿ, ಕೆಳಗೆ ಪಂಚೆ ಉಟ್ಟ ಮುದುಕರೊಬ್ಬರು ನಿಂತಿದ್ದರು. ನನ್ನನ್ನು ನೋಡಿ ಅಪ್ಪನಿಗೆ, "ಏನ್ ಸ್ವಾಮಿ, ಮಗಳನ್ನೂ ಕರ್ಕಂಬಂದ್ರಾ?" ಎಂದರು. "ಅವಳೇ ನನ್ನನ್ನ ಕರ್ಕೊಂಡು ಬಂದಳು," ಎಂದರು ಅಪ್ಪ. ಆ ಮುದುಕರು ಬಾಯಿ ತುಂಬ ನಕ್ಕು ಗೇಟಿನ ಇನ್ನೊಂದು ಬಾಗಿಲನ್ನೂ ನನಗಾಗಿ ತೆರೆದರು. ಅಂದಿನಿಂದ ನನಗೆ ಅವರು ಗೇಟ್ ತಾತ, ಅವರಿಗೆ ನಾನು ಲಾಯರಮ್ಮ.

ಗೇಟ್ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಯಾರ ಸಮಾಧಿ ಎಲ್ಲಿದೆ ಎಂದು ಕೇಳಿದರೆ ನೇರ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಅದು ಹೇಗೆ ಎಂದು ನಾನೊಮ್ಮೆ ಕೆದಕಿದೆ.

"ವರ್ಸಾ ವರ್ಸಾ ಎಲೆ ನೋಡ್ತೀನಲ್ಲವ್ವ. ಯಾರಿಗೆ ಏನಿಷ್ಟ ಅಂತ ಗೊತ್ತಾಗಲ್ವಾ? ನಿಮ್ಮಜ್ಜಿಗೆ ಕಾಪಿ, ರಸ್ಕು. ಅಗೋ, ಆ ಯಜಮಾನ್ರಿಗೆ ಕೋಳಿ ಸಾರು, ಒಂದು ಕ್ವಾರ್ಟರು. ಅವರ ಹೆಂಡ್ರಿಗೆ ಆ ಕ್ವಾರ್ಟರ್ ಕಂಡ್ರೆ ಆಗ್ತಿರ್ಲಿಲ್ಲ, ಅದಕ್ಕೇ ಎರಡು ಸಾಲು ಆಚೆಗೆ ಮಲಗವ್ರೆ."

ಹೀಗೆ ಅವರ ತಲೆಯಲ್ಲಿ ಇಡೀ ಸ್ಮಶಾನ ಒಂದು ಊಟದ ಪಂಕ್ತಿಯಂತೆ ಕೂತಿತ್ತು. ಹೆಸರು ಹೇಳಿದರೆ ಅವರಿಗೆ ತಕ್ಷಣ ಹೊಳೆಯುತ್ತಿರಲಿಲ್ಲ. "ಎಡೆಗೆ ಏನಿಡ್ತಾರೆ ಹೇಳಿ" ಎನ್ನುತ್ತಿದ್ದರು. ಒಬ್ಬರು ಹೊಗೆಸೊಪ್ಪಿನಜ್ಜಿ, ಇನ್ನೊಬ್ಬರು ಕಜ್ಜಾಯದಯ್ಯ. ನಮ್ಮ ಅಜ್ಜಿ ರಸ್ಕಜ್ಜಿ. ಬೇಕರಿಯ ರಸ್ಕನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ ಅಜ್ಜಿಯನ್ನು, ಆಕೆ ಬದುಕಿದ್ದಾಗ, ತಾತ ಒಮ್ಮೆಯೂ ನೋಡಿರಲಿಲ್ಲ. ಆದರೆ ಒಂದು ವರ್ಷ ಅಪ್ಪ ರಸ್ಕು ಮರೆತು ಬಿಸ್ಕತ್ತು ತಂದಾಗ, "ಬೇಜಾರು ಮಾಡ್ಕತಾರೆ ಕಣ್ ಸ್ವಾಮಿ" ಎಂದು ಅಪ್ಪನನ್ನು ವಾಪಸ್ ಬೇಕರಿಗೆ ಕಳಿಸಿದ್ದರು…

ಆಮೇಲೆ ಸಮಿತಿ ಬಂತು. ಕಾರ್ಯದರ್ಶಿ ನಮ್ಮ ಹಿಂದಿನ ರಸ್ತೆಯ ಅಂಕಲ್, ನಿವೃತ್ತ ಅಧಿಕಾರಿ, ಫೈಲು ಇಲ್ಲದೆ ಉಸಿರಾಡದ ಮನುಷ್ಯ. ಸ್ಮಶಾನ ನೋಡಲು ಅಸಹ್ಯವಾಗಿದೆ, ಒಂದೊಂದು ಸಮಾಧಿ ಒಂದೊಂದು ಥರ ಇದೆ ಎಂದು ಅವರಿಗೆ ಅನಿಸಿತು. ನಿಜ, ಇತ್ತು. ನಮ್ಮ ಅಜ್ಜಿಯದಕ್ಕೆ ನಮ್ಮದೇ ಬಚ್ಚಲುಮನೆ ಕಟ್ಟಿದಾಗ ಉಳಿದ ನೀಲಿ ಹೂವಿನ ಟೈಲ್ಸ್ ಹಾಕಿಸಿದ್ದೆವು. ಪಕ್ಕದ್ದಕ್ಕೆ ಗುಲಾಬಿ ಸುಣ್ಣ. ಇನ್ನೊಂದಕ್ಕೆ ಬರೀ ಮಣ್ಣು ಮತ್ತು ತುಳಸಿ ಕುಂಡ. ಎಲ್ಲವನ್ನೂ ಒಡೆಸಿ, ಒಂದೇ ಅಳತೆಯ ಕಟ್ಟೆ, ಒಂದೇ ಥರದ ಕರಿಕಲ್ಲು, ಅದರ ಮೇಲೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಹಿತ್ತಾಳೆ ಫಲಕ ಎಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದರು. ಗೇಟ್ ತಾತ ಮಾತ್ರ ತಕರಾರು ತೆಗೆದರು.

"ಎಲ್ಲಾನೂ ಒಂದೇ ಥರ ಮಾಡ್ಬುಟ್ರೆ ಗುರುತು ಹಿಡಿಯೋದು ಹೆಂಗೆ ಸಾರ್?"

"ಅದಕ್ಕೇ ಅಲ್ವೇನಯ್ಯ ಹೆಸರು ಹಾಕ್ಸ್ತಿರೋದು? ನಿನಗೆ ಓದೋಕೆ ಬರಲ್ಲ ಅಂತ ಊರೆಲ್ಲ ಟೈಲ್ಸ್ ಹಾಕಿಸ್ಕೊಂಡು ಕೂರಕ್ಕಾಗುತ್ತಾ?" ಎಂದರು ಅಂಕಲ್. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ.

ಫಲಕಗಳು ಬಂದ ಮೇಲೆ ಅವುಗಳ ಹೊಳಪಿಗೆ ಸೋತವರು ಗೇಟ್ ತಾತನೇ. ಪ್ರತಿ ವರ್ಷ ಅಮಾವಾಸ್ಯೆಗೆ ಎರಡು ದಿನ ಮುಂಚೆ ಒಂದು ಬಕೆಟ್ ನೀರು, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಸಾಲು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದರು. ಓದಲು ಬಾರದ ಅಕ್ಷರಗಳ ಒಳಗಿನ ಮಣ್ಣನ್ನು ಕಡ್ಡಿಯಿಂದ ಕೆದರಿ ತೆಗೆಯುತ್ತಿದ್ದರು.

ಮೂರು ವರ್ಷದ ಹಿಂದೆ, ಶ್ರಾವಣದ ಜಡಿಮಳೆಯ ಒಂದು ಬೆಳಗ್ಗೆ, ಮೂವತ್ತೊಂದು ಫಲಕಗಳು ಇರಲಿಲ್ಲ. ಕರಿಕಲ್ಲುಗಳ ಮೇಲೆ ನಾಲ್ಕು ನಾಲ್ಕು ತೂತು ಮಾತ್ರ. ಮೊದಲು ನೋಡಿದವರು ತಾತನೇ, ಅಂಕಲ್ ಮನೆಗೆ ನೆನೆದುಕೊಂಡು ಓಡಿಹೋಗಿ ಹೇಳಿದವರೂ ತಾತನೇ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಭಾನುವಾರ ಸ್ಮಶಾನದ ಒಳಗಿನ ಶೀಟ್ ಶೆಡ್ಡಿನಲ್ಲಿ ಸಭೆ. ಆಚೆ ಟ್ರಾಫಿಕ್ ಗಲಾಟೆಯಲ್ಲಿ ಏನೂ ಕೇಳುವುದಿಲ್ಲ ಎಂದು ಬಾಡಿಗೆ ಮೈಕ್ ಸೆಟ್ ತರಿಸಿದ್ದರು. ನಾನು ಆಗ ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ, ಚರ್ಚಾ ಸ್ಪರ್ಧೆಗಳಿಂದ ತಂದ ಕಪ್ಪುಗಳು ಶೋಕೇಸಿನಲ್ಲಿ ಹಿಡಿಸುತ್ತಿರಲಿಲ್ಲ. ಹಿರಿಯರು ಒಬ್ಬರ ಮೇಲೊಬ್ಬರು ಕೂಗಾಡಿ ಸುಸ್ತಾದ ಮೇಲೆ ಅಂಕಲ್, "ಪುಟ್ಟ, ನೀನು ಡಿಬೇಟ್ ಮಾಡೋಳು, ನೀಟಾಗಿ ಕೇಳು ನೋಡೋಣ," ಎಂದು ಮೈಕ್ ನನ್ನ ಕೈಗಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ, "ಕೇಳು ಮಗಾ, ಬಿಡಬೇಡ," ಎಂದರು. ನನಗೆ ಕೈ ಬಿಸಿಯಾಯಿತು. ಹಾಗಾಗುವುದು ಗೆಲ್ಲುವ ಮುಂಚೆ.

ಗೇಟಿನ ಬೀಗ ಒಡೆದಿರಲಿಲ್ಲ. ಸ್ಕ್ರೂಗಳನ್ನು ಕಿತ್ತಿರಲಿಲ್ಲ, ನಾಜೂಕಾಗಿ ಬಿಚ್ಚಿದ್ದರು. ತಾತನ ಕೋಣೆಯಲ್ಲಿ ಸ್ಕ್ರೂಡ್ರೈವರ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಮಾವಾಸ್ಯೆಗೆ ಇನ್ನೂ ತಿಂಗಳ ಮೇಲಿರುವಾಗಲೇ ಆ ವರ್ಷ ಫಲಕಗಳನ್ನು ಉಜ್ಜಿ ಇಡಲಾಗಿತ್ತು. ಕೊಳೆ ಹಿಡಿದ ಹಿತ್ತಾಳೆಗಿಂತ ಹೊಳೆಯುವ ಹಿತ್ತಾಳೆ ಗುಜರಿಯಲ್ಲಿ ಬೇಗ ಬಿಕರಿಯಾಗುತ್ತದೆ ಎಂದು ನಾನು ಮೈಕಿನಲ್ಲಿ ಹೇಳಿದೆ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಚೆನ್ನಾಗಿತ್ತು.

"ಈ ಸಲ ಮುಂಚೆಯೇ ಫಲಕ ಉಜ್ಜಿದ್ದು ನೀವೇ ತಾನೆ ತಾತ?"

"ಹೂಂ ಕಣವ್ವ, ಯಾಕಂದ್ರೆ ನನ್ನ—"

"ಹೌದು ಅಥವಾ ಇಲ್ಲ, ಅಷ್ಟು ಸಾಕು."

"…ಹೌದು."

"ಸ್ಕ್ರೂಗಳಿಗೆ ಎಣ್ಣೆ ಬಿಟ್ಟಿದ್ದೂ ನೀವೇ?"

"ತುಕ್ಕು ಹಿಡೀತಿತ್ತಲ್ಲವ್ವ, ಮಳೆಗೆ…"

"ಹೌದು ಅಥವಾ ಇಲ್ಲ ತಾತ."

"ಹೌದು."

ಜನ ಚಪ್ಪಾಳೆ ತಟ್ಟಿದರು. ಸ್ಮಶಾನದೊಳಗೆ, ಹೆಸರಿಲ್ಲದ ಮೂವತ್ತೊಂದು ಸಮಾಧಿಗಳ ಎದುರು. ಸ್ಪರ್ಧೆಯಲ್ಲಾದರೆ ನನ್ನ ಎದುರಾಳಿಗೂ ನನ್ನಷ್ಟೇ ನಿಮಿಷ ಕೊಡುತ್ತಾರೆ, ಗಂಟೆ ಬಾರಿಸುವವರೆಗೆ ಅವರನ್ನು ತಡೆಯುವ ಹಾಗಿಲ್ಲ. ಅಲ್ಲಿ ಗಂಟೆಯೂ ಇರಲಿಲ್ಲ, ನಿಮಿಷವೂ ಇರಲಿಲ್ಲ, ಇದ್ದದ್ದು ಒಂದೇ ಮೈಕು, ಅದು ನನ್ನ ಕೈಯಲ್ಲಿತ್ತು. ತಾತ ಸೊಂಟದ ದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಅಂಕಲ್ ಎದುರಿನ ಮೇಜಿನ ಮೇಲೆ ಇಟ್ಟರು. ಸಂಜೆಯೊಳಗೆ ಗೇಟಿನ ಕೋಣೆ ಖಾಲಿಯಾಯಿತು. ಒಂದು ಟ್ರಂಕು, ಒಂದು ಸ್ಟೌವು, ಸುತ್ತಿದ ಚಾಪೆ. ಗೊಟ್ಟಿಗೆರೆಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು.

ಒಂದು ತಿಂಗಳ ಮೇಲೆ ಪೊಲೀಸರ ಫೋನು ಬಂತು. ಬಿ.ಟಿ.ಎಂ. ಲೇಔಟ್ ಕಡೆ ನೀರಿನ ಮೀಟರು, ನಲ್ಲಿ ಕದಿಯುತ್ತಿದ್ದ ಇಬ್ಬರು ಸಿಕ್ಕಿಬಿದ್ದಿದ್ದರು. ಅವರು ತೋರಿಸಿದ ಕತ್ರಿಗುಪ್ಪೆಯ ಗುಜರಿ ಅಂಗಡಿಯಲ್ಲಿ ಒಂದು ಗೋಣಿಚೀಲ, ಅದರ ತುಂಬ ನಮ್ಮ ಊರಿನ ಸತ್ತವರ ಹೆಸರುಗಳು. ಹಿಂಬದಿಯಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಬೊಂಬಿನ ಸಾರುವೆ ಹತ್ತಿ ಕಾಂಪೌಂಡ್ ಹಾರಿ ಬಂದಿದ್ದರಂತೆ. ಬೀಗ ಒಡೆಯುವ ಅಗತ್ಯವೇ ಇರಲಿಲ್ಲ. ಹಿಂದಿನ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದ್ದರೆ ನನಗೂ ಕಾಣುತ್ತಿತ್ತು.

ಮಾರನೆಯ ದಿನವೇ ಗೊಟ್ಟಿಗೆರೆಗೆ ಹೋದೆ. ತಾತ ಮಗಳ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು, ಒಂದು ಕಣ್ಣಿಗೆ ಕಪ್ಪು ಕನ್ನಡಕದ ಕೆಳಗೆ ಹತ್ತಿ. ಕಣ್ಣಿನ ಆಪರೇಷನ್‌ಗೆ ಆಸ್ಪತ್ರೆಯವರು ಕೊಟ್ಟಿದ್ದ ದಿನ ಅಮಾವಾಸ್ಯೆಯ ಹತ್ತಿರಕ್ಕೇ ಬಿದ್ದಿತ್ತಂತೆ. ಆಮೇಲೆ ಬಗ್ಗುವ ಹಾಗಿಲ್ಲ, ನೀರು ತಾಕಿಸುವ ಹಾಗಿಲ್ಲ ಎಂದು ಹೇಳಿದ್ದಕ್ಕೆ ಮುಂಚಿತವಾಗಿಯೇ ಎಲ್ಲ ಫಲಕ ಉಜ್ಜಿ ಮುಗಿಸಿದ್ದರು. 'ಯಾಕಂದ್ರೆ ನನ್ನ' ಎನ್ನುವಲ್ಲಿಗೆ ನಾನು ತುಂಡರಿಸಿದ ಮಾತು ಅದು. ಇದನ್ನು ಹೇಳಿದ್ದು ಮಗಳು, ಒಳಗಿನಿಂದ, ನನ್ನ ಮುಖ ನೋಡದೆ.

ನಾನು ಕ್ಷಮೆ ಕೇಳಿದೆ. ತಾತ ಕೈ ಆಡಿಸಿ, "ಇಲ್ಲಿ ಕೇಳಿದ್ರೆ ಏನಾಗ್ತದವ್ವ, ಈ ಮೆಟ್ಲು ನನ್ನ ಕಳ್ಳ ಅಂದಿತ್ತಾ?" ಎಂದರು. ಫಲಕ ಯಾವುದು ಎಲ್ಲಿಗೆ ಎಂದು ಯಾರಿಗೂ ಗೊತ್ತಾಗುತ್ತಿಲ್ಲ, ನೀವು ಬಂದು ತೋರಿಸಬೇಕು ಎಂದೆ.

"ಬತ್ತೀನಿ. ಬರದೇ ಇದ್ರೆ ಅವರೆಲ್ಲ ಪಾಪ ಯಾರ್ಯಾರದೋ ಎಲೆ ಉಣ್ಬೇಕಾಗ್ತದೆ. ಆದ್ರೆ ಮೈಕ್‌ನಲ್ಲಿ ಅಂದಿದ್ದೆಯಲ್ಲ, ಮೈಕ್‌ನಲ್ಲೇ ಹೇಳ್ಬೇಕು. ಅದೇ ಶೆಡ್ಡು, ಅದೇ ಜನ. ತಾತ ಕದ್ದಿಲ್ಲ ಅಂತ. ಅಷ್ಟು ಹೇಳು, ನಾನು ಒಳಕ್ಕೆ ಬಂದು ಒಂದೊಂದೂ ತೋರಿಸ್ತೀನಿ."

ಹೇಳುತ್ತೇನೆ ಎಂದೆ. ಮಾತು ಕೊಟ್ಟೆ.

ಅಂಕಲ್‌ಗೆ ಇದನ್ನು ತಿಳಿಸಿದಾಗ ಅವರು ಕನ್ನಡಕ ಒರೆಸಿಕೊಂಡರು. "ನೋಡು ಪುಟ್ಟ, ಅವನನ್ನ ಕರೆದರೆ ನಾವು ತಪ್ಪು ಮಾಡಿದೀವಿ ಅಂತ ಒಪ್ಪಿಕೊಂಡ ಹಾಗೆ. ಕಾವಲಿಗಿದ್ದಾಗಲೇ ತಾನೆ ಹೋಗಿದ್ದು? ನಿರ್ಲಕ್ಷ್ಯ ಅಂತೂ ಹೌದಲ್ಲ? ನಮ್ಮ ಹತ್ರ ರಿಜಿಸ್ಟರ್ ಇದೆ, ಅದರ ಪ್ರಕಾರ ಹಾಕ್ಸೋಣ." ರಿಜಿಸ್ಟರ್ ಬರೆದದ್ದು ಹಳೆಯ ಸಮಾಧಿಗಳನ್ನು ಒಡೆಯುವ ಮುಂಚೆ. ಹೊಸ ಕಟ್ಟೆ ಕಟ್ಟುವಾಗ ಸಾಲುಗಳೇ ಆಚೀಚೆ ಆಗಿದ್ದವು, ಕೆಲವು ಸಾಲು ಕೂಡಿಕೊಂಡಿದ್ದವು. ನಾನು ಇದನ್ನೂ ಹೇಳಿದೆ. "ಹೆಚ್ಚು ಕಮ್ಮಿ ಸರಿ ಹೋಗುತ್ತೆ ಬಿಡು," ಎಂದರು. ಆಮೇಲೆ, ಫಲಕಗಳ ಮರುಸ್ಥಾಪನೆಗೆ ಇಟ್ಟುಕೊಂಡಿದ್ದ ಸಮಾರಂಭದ ವಂದನಾರ್ಪಣೆಯನ್ನು ನನಗೇ ವಹಿಸಿದರು. ಬೇಕಾದರೆ ಅದರಲ್ಲಿ ಒಂದು ಸಾಲು ಸೇರಿಸು, ಹೆಸರು ಎತ್ತಬೇಡ, ಕಳವಿನ ಮಾತು ಬೇಡ ಎಂದರು.

ಅಮಾವಾಸ್ಯೆಯ ಹಿಂದಿನ ದಿನ ಅದೇ ಶೆಡ್ಡಿನಲ್ಲಿ ಸಮಾರಂಭ. ಫಲಕಗಳನ್ನು ಸಮಾಧಿಗಳ ಮೇಲೆ ಹೂವಿಟ್ಟು ಇರಿಸಿದ್ದರು, ಸ್ಕ್ರೂ ಹಾಕುವುದು ಸಮಾರಂಭ ಮುಗಿದ ಮೇಲೆ. ನಮ್ಮ ಅಜ್ಜಿಯ ಹೆಸರು ಮೂರನೇ ಸಾಲಿನ ಐದನೆಯದರ ಮೇಲಿತ್ತು. ಅಪ್ಪ ನಾಲ್ಕನೆಯದು ಎಂದರು. ಚಿಕ್ಕಪ್ಪ, ಐದೂ ಅಲ್ಲ ನಾಲ್ಕೂ ಅಲ್ಲ, ಎರಡನೇ ಸಾಲು ಎಂದರು. ಇಬ್ಬರೂ ವರ್ಷಕ್ಕೊಮ್ಮೆ ಫಲಕ ನೋಡಿಕೊಂಡು ಬಂದು ನಿಂತವರೇ. ಸುತ್ತ ಇನ್ನೂ ನಾಲ್ಕಾರು ಮನೆಗಳಲ್ಲಿ ಇದೇ ಜಗಳ ನಡೆಯುತ್ತಿತ್ತು, ತಗ್ಗಿದ ದನಿಯಲ್ಲಿ.

ತಾತ ಬಂದಿದ್ದರು. ಒಳಗೆ ಬಂದಿರಲಿಲ್ಲ. ರಸ್ತೆಯ ಆ ಬದಿ, ಎಳನೀರಿನ ಗಾಡಿಯ ಪಕ್ಕ, ಮಗಳ ಜೊತೆ ನಿಂತಿದ್ದರು. ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿದ್ದರು. ಗೇಟಿನ ಕಂಬಕ್ಕೆ ಕಟ್ಟಿದ್ದ ಮೈಕಿನ ಹಾರ್ನು ಅವರ ಕಡೆಗೇ ಮುಖ ಮಾಡಿತ್ತು.

ನನ್ನ ಸರದಿ ಬಂತು. ಮೂರು ಪದ ಸಾಕಿತ್ತು: ನಾನು ಹೇಳಿದ್ದು ತಪ್ಪು. ಎದುರಿಗೆ ಕೂತಿದ್ದವರೆಲ್ಲ ಅವತ್ತು ಚಪ್ಪಾಳೆ ತಟ್ಟಿದವರೇ. ಅಂಕಲ್ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಹೆದರಿದೆ ಎಂದರೆ ಅದೂ ಒಂದು ಸುಳ್ಳಾಗುತ್ತದೆ. ಎಷ್ಟೋ ದೊಡ್ಡ ಮನುಷ್ಯರ ಮುಖದ ಮೇಲೆ ಹೊಡೆದ ಹಾಗೆ ಮಾತಾಡಿದ್ದೇನೆ. ನನಗೆ ಸೋತು ಅಭ್ಯಾಸ ಇರಲಿಲ್ಲ, ಅಷ್ಟೇ. ಮೈಕ್ ಹಿಡಿದುಕೊಂಡು, ನನ್ನದೇ ಬಾಯಿಂದ, ನನ್ನದೇ ವಾದವನ್ನು ಮುರಿಯಲು ಆಗಲಿಲ್ಲ. "ಈ ಪುಣ್ಯಭೂಮಿಗಾಗಿ ಹಿಂದೆಯೂ ಇಂದೂ ದುಡಿದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು," ಎಂದೆ. ಎಷ್ಟು ನುಣ್ಣಗಿನ ವಾಕ್ಯ. ಅದರೊಳಗೆ ಯಾರನ್ನು ಬೇಕಾದರೂ ಹೂತಿಡಬಹುದು.

ಮುಗಿಸಿ ರಸ್ತೆಯ ಕಡೆ ನೋಡಿದೆ. ತಾತ ಇನ್ನೂ ಹಾರ್ನನ್ನೇ ನೋಡುತ್ತಿದ್ದರು, ಮುಂದೆ ಇನ್ನೂ ಏನೋ ಬರುವುದಿದೆ ಅನ್ನುವ ಹಾಗೆ. ಲಾಡು ಹಂಚಲು ಶುರು ಮಾಡಿದರು. ನಾನು ಜನರ ನಡುವೆ ನುಸುಳಿ ಗೇಟಿನ ಹತ್ತಿರ ಬರುವಷ್ಟರಲ್ಲಿ ಎಳನೀರಿನ ಗಾಡಿಯ ಪಕ್ಕ ಯಾರೂ ಇರಲಿಲ್ಲ. ಒಳಗೆ ಡ್ರಿಲ್ಲಿಂಗ್ ಮೆಷಿನ್ನಿನ ಸದ್ದು ಶುರುವಾಯಿತು. ಈ ಸಲ ಯಾರೂ ಬಿಚ್ಚದಂತೆ ಸ್ಕ್ರೂಗಳ ಮೇಲೆ ಸಿಮೆಂಟು ಮೆತ್ತಿದರು…

ಅದಾದ ಮೇಲೆ ಪ್ರತಿ ವರ್ಷ ಅಪ್ಪ ಐದನೆಯದಕ್ಕೇ ಎಡೆ ಇಡುತ್ತಾರೆ. ಒಂದು ಸಲ ಅನುಮಾನಕ್ಕೆ ನಾಲ್ಕನೆಯದರ ಮೇಲೂ ಅರ್ಧ ರಸ್ಕು ಇಟ್ಟರು. ನಾನು ಈಗ ಹೋಗುವುದಿಲ್ಲ. ಹತ್ತನೇ ವಯಸ್ಸಿನಲ್ಲಿ ಹಟ ಹಿಡಿದು ಪಡೆದ ಹಕ್ಕನ್ನು ಸದ್ದಿಲ್ಲದೆ ಬಿಟ್ಟುಕೊಟ್ಟೆ. ಯಾಕೆ ಬರಲ್ಲ ಎಂದು ಅಪ್ಪ ಒಮ್ಮೆಯೂ ಕೇಳಿಲ್ಲ.

ತಾತ ಈ ಆಷಾಢದಲ್ಲಿ ತೀರಿಕೊಂಡರಂತೆ. ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಎಳನೀರಿನವನ ಬಾಯಿಂದ. ಎಳನೀರು ಕೆತ್ತುತ್ತಲೇ, "ಗೇಟ್ ಕಾಯ್ತಿದ್ರಲ್ಲ ಮೇಡಂ, ಹೋಗ್ಬುಟ್ರು. ಆ ಫಲಕದ ಕೇಸಲ್ಲಿ ಇದ್ರಲ್ಲ, ಅವರೇ," ಎಂದ. ಅವರನ್ನು ನೆನಪಿಟ್ಟುಕೊಳ್ಳಲು ಅವನಿಗೆ ಸಿಕ್ಕ ಗುರುತು ನಾನು ಕೊಟ್ಟದ್ದು.

ಅಮ್ಮ ದೀಪ ಉಜ್ಜಿದ ಮಾರನೆಯ ದಿನ, ಗೊಟ್ಟಿಗೆರೆಗೆ ಹೋದೆ. ಮಗಳು ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಳು, ನನ್ನನ್ನು ಕಂಡು ಮೆಷಿನ್ ನಿಲ್ಲಿಸಲಿಲ್ಲ. ಕೂತ್ಕೊಳ್ಳಿ ಎಂದಳು, ನೀರು ಕೊಟ್ಟಳು. ಇಲ್ಲೇ ಊರಾಚೆಗೆ ಹೂತಿದ್ದೇವೆ, ಮೇಲೆ ಏನೂ ಹಾಕಿಸಿಲ್ಲ ಎಂದಳು. ಕಣ್ಣು ಕಡೆಯವರೆಗೂ ಚೆನ್ನಾಗಿ ಕಾಣುತ್ತಿತ್ತಂತೆ. ಸಾರಕ್ಕಿ ಮೇಲೆ ಹೋಗುವ ಬಸ್ಸು ಮಾತ್ರ ಹತ್ತುತ್ತಿರಲಿಲ್ಲವಂತೆ, ಎಷ್ಟು ಸುತ್ತಾದರೂ ಬೇರೆ ಬಸ್ಸೇ ಆಗಬೇಕಿತ್ತಂತೆ. ಇಷ್ಟನ್ನೂ ಅವಳು ಬಟ್ಟೆಯ ಮೇಲಿಂದ ಕಣ್ಣೆತ್ತದೆ ಹೇಳಿದಳು.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ಅವಳ ಕೈ ನಿಂತಿತು. ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿ, ಹೊಸ ದಾರ ಪೋಣಿಸಿ, ಮತ್ತೆ ಮೆಷಿನ್ ತುಳಿಯತೊಡಗಿದಳು. ನಾನು ಎದ್ದು ಹೊರಡುವವರೆಗೂ ಅದು ನಿಲ್ಲಲಿಲ್ಲ. ಅವಳು ಹೇಳಬೇಕಾಗಿಯೂ ಇಲ್ಲ; ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಅದಲ್ಲ. ಆದರೂ ಇಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ.

ಅಕ್ಕ, ಅವತ್ತು ಎಳನೀರಿನ ಗಾಡಿಯ ಪಕ್ಕ ನಿಂತಾಗ, ನಾನು ಮೈಕ್ ಕೆಳಗಿಟ್ಟ ಮೇಲೆ ತಾತ ನಿಮಗೆ ಏನಂದರು?